ಮಗಳಿಗೊಂದು ಪತ್ರ: ಏನು ಕೊಡಲಿ ಅಂದೆಯಲ್ಲ

ಪ್ರೀತಿಯ ಮಗಳಿಗೆ ಅವ್ವನ ಆಶೀರ್ವಾದಗಳು.

ಮೊನ್ನೆ ಫೋನಿನಲ್ಲಿ ನೀನು ಕೇಳಿದ್ದಕ್ಕೆ ಆಗಲೇ ಉತ್ತರ ಹೇಳಲು ಆಗಲಿಲ್ಲ, ಗಂಟಲು ಕಟ್ಟಿತು. ಭೀಮಾ ನದಿಯ ನೆರೆಗೆ ಸಿಕ್ಕ ಕಲಬುರಗಿ ಕಡೆಯ ಹಳ್ಳಿಗಳಿಗೆ ಆಫೀಸಿನಲ್ಲಿ ಹಳೇ ಬಟ್ಟೆ ಕೂಡಿಸುತ್ತಿದ್ದಾರೆ, ನಾನೇನು ಕೊಡಲಿ ಅಂದೆ. ಅದಕ್ಕೇ ಕೂತು ಬರೆಯುತ್ತಿದ್ದೇನೆ.

2019ರ ಆಗಸ್ಟ್ ತಿಂಗಳು. ನೀನಾಗ ಹತ್ತನೇ ತರಗತಿ. ಖಾನಾಪುರದ ಕಡೆ ಘಟ್ಟದಲ್ಲಿ ಮಳೆ ಹಿಡಿದು, ನವಿಲುತೀರ್ಥ ಡ್ಯಾಮ್ ತುಂಬಿ, ಬಿಟ್ಟ ನೀರು ಮಲಪ್ರಭೆಯ ದಂಡೆ ಹಾರಿ ಊರೊಳಗೆ ಬಂತು. ಪಟ್ಟದಕಲ್ಲಿನ ಗುಡಿಗಳಿಗೇ ನೀರು ಹೊಕ್ಕ ವರ್ಷ ಅದು. ನಾವು ಎಮ್ಮೆ ಬಿಚ್ಚಿಕೊಂಡು ಓಡಿದೆವು, ನಿನ್ನ ಪುಸ್ತಕ ಒಳಗೇ ಉಳಿದವು. ನೀರಿಳಿದ ಮೇಲೆ ಬಂದು ನೋಡಿದರೆ ಮೊಣಕಾಲುದ್ದ ರಾಡಿ. ಹಗೇವಿನಲ್ಲಿದ್ದ ಜೋಳ ನೀರುಂಡು, ಮೊಳೆತು, ಕೊಳೆತಿತ್ತು. ಜೋರು ಮಳೆ ಬಂದ ರಾತ್ರಿ ಆ ನಾತ ಇವತ್ತಿಗೂ ನನ್ನ ಮೂಗಿಗೆ ಬರುತ್ತದೆ.

ಬಟ್ಟೆಯ ಮಾತು ಮೊದಲು ಹೇಳಿಬಿಡುತ್ತೇನೆ. ರಸ್ತೆ ಬದಿಗೆ ಲಾರಿಗಟ್ಟಲೆ ಬಟ್ಟೆ ಸುರಿದು ಹೋದರು. ಜೀನ್ಸ್ ಪ್ಯಾಂಟು, ಗುಂಡಿ ಹರಿದ ಅಂಗಿ, ಜರಿ ಕಿತ್ತ ಸೀರೆ. ಎರಡು ದಿನ ಮಳೆಯಲ್ಲಿ ನೆನೆದು ಅದೂ ರಾಡಿಯಾಯಿತು, ಕಡೆಗೆ ಅದನ್ನು ಎತ್ತಿ ಹಾಕುವ ಕೆಲಸವೂ ನಮ್ಮ ಮೇಲೇ ಬಿತ್ತು. ಕೊಟ್ಟವರ ಮನಸ್ಸು ಕೆಟ್ಟದ್ದಲ್ಲ ಮಗಳೇ. ನಮ್ಮನ್ನು ಯಾರೂ ಕೇಳಲಿಲ್ಲ, ಅಷ್ಟೇ. ಇನ್ನೊಬ್ಬರು ಕಿಟ್ ಕೊಡುವಾಗ ಫೋಟೋ ಸರಿ ಬರಲಿಲ್ಲವೆಂದು ಮೂರು ಸಲ ನನ್ನ ಕೈಗೆ ಕೊಟ್ಟು ತೆಗೆದುಕೊಂಡರು. ನೀನು ನನ್ನ ಸೆರಗಿನ ಹಿಂದೆ ಮುಖ ಮರೆಮಾಡಿಕೊಂಡಿದ್ದೆ. ಅದು ನನಗೆ ನೆರೆಗಿಂತ ಹೆಚ್ಚು ನೋವು ಕೊಟ್ಟಿತು.

ಆದರೆ ನಮ್ಮನ್ನು ಎಬ್ಬಿಸಿ ನಿಲ್ಲಿಸಿದವರೂ ಇದ್ದರು. ನೀರು ಬಾರದ ಊರುಗಳ ಹೆಣ್ಣುಮಕ್ಕಳು ಮನೆಗೆ ಇಷ್ಟು ಅಂತ ಕೂಡಿಸಿ ಕಡಕ್ ರೊಟ್ಟಿ ಕಳಿಸಿದರು, ಜೊತೆಗೆ ಶೇಂಗಾ ಚಟ್ನಿ. ಒಲೆ ಹಚ್ಚಲು ಒಣ ಕಟ್ಟಿಗೆ ಇಲ್ಲದಾಗ ಆ ರೊಟ್ಟಿಯೇ ಜೀವ ಹಿಡಿಯಿತು. ಎರೆಹೊಲದ ರೈತರೊಬ್ಬರು ಟ್ರ್ಯಾಕ್ಟರ್ ತುಂಬ ಕಣಿಕಿ ತಂದರು. ಮನುಷ್ಯರಿಗೆ ಎಲ್ಲರೂ ತರುತ್ತಾರೆ, ದನಕ್ಕೆ ಯಾರು ತರುತ್ತಾರೆ ಅಂತ ಅವರಿಗೆ ಹೊಳೆದಿತ್ತು. ಮತ್ತೊಂದು ತಂಡದ ಹುಡುಗರು ಬರಿಗೈಲಿ ಬಂದು, "ನಿಮಗೇನು ಬೇಕಾಗೇತ್ರಿ ಅಕ್ಕಾರ?" ಅಂತ ಓಣಿ ಓಣಿ ತಿರುಗಿ ಬರೆದುಕೊಂಡು ಹೋದರು. ಮರುದಿನ ಸಲಿಕೆ, ಬುಟ್ಟಿ, ಬಕೆಟ್, ಬ್ಲೀಚಿಂಗ್ ಪೌಡರ್, ಒಳಲಂಗ, ಪ್ಯಾಡ್ ಬಂದವು. ನಾವು ಬಾಯಿಬಿಟ್ಟು ಕೇಳಲಾರದ್ದನ್ನು ಅವರ ಜೊತೆಗಿದ್ದ ಹುಡುಗಿ ನಮ್ಮನ್ನು ಬೇರೆ ಕರೆದು ಕೇಳಿದ್ದಳು.

ಆ ಟೇಲರ್ ಅಜ್ಜ ನೆನಪಿದ್ದಾರಾ? ಗದಗಿನ ಕಡೆಯವರು. ಒಂದು ಚೀಲದಲ್ಲಿ ಸ್ಕ್ರೂಡ್ರೈವರ್, ಸೀಮೆಎಣ್ಣೆ, ಮಿಷನ್ ಎಣ್ಣೆ, ನಾಲ್ಕು ಬೆಲ್ಟು. "ಹೊಲಿಗಿ ಮಿಷನ್ ಯಾರ ಮನ್ಯಾಗ ಅದಾವ್ರಿ?" ಅಂತ ಕೇಳುತ್ತ ಬಂದರು. ನನ್ನ ಮಿಷನ್ನು ಗುಜರಿಗೆ ಅಂತ ಹೊರಗೆ ಇಟ್ಟಿದ್ದೆ. ಅವರು ಕಟ್ಟೆಯ ಮೇಲೆ ಕೂತು ಒಂದೊಂದೇ ಬಿಚ್ಚಿದರು. ಶಟಲ್ಲಿನೊಳಗೆ ಗಟ್ಟಿಯಾಗಿದ್ದ ಕೆಸರನ್ನು ಸೂಜಿಯಿಂದ ಕೆದರಿ ತೆಗೆದರು, ಸೀಮೆಎಣ್ಣೆಯಲ್ಲಿ ತೊಳೆದರು, ತುಕ್ಕು ಉಜ್ಜಿದರು. ಒಂದೂವರೆ ತಾಸು. ಚಕ್ರ ಕೈಯಿಂದ ತಿರುಗಿಸಿದಾಗ ಕಟಕಟ ಅಂದ ಸದ್ದಿಗೆ ನಾನು ಅತ್ತುಬಿಟ್ಟೆ. ನೋಡೋಣ ತಾ ಅಂತ ನಿನ್ನ ಚೀಲದ ಕಿತ್ತ ಪಟ್ಟಿಯನ್ನೇ ಹೊಲಿದು ಕೊಟ್ಟರು. ಒಂದು ಲೋಟ ಚಹಾದ ಹೊರತು ಏನೂ ಮುಟ್ಟಲಿಲ್ಲ. ಸಂಜೆಯೊಳಗೆ ಏಳು ಮಿಷನ್ ಸರಿಮಾಡಿ ಕೊನೇ ಬಸ್ಸಿಗೆ ಹೋದರು.

ಮುಂದೆ ಶಾಲೆಗೆ ಸಮವಸ್ತ್ರ ಕೊಡುತ್ತೇವೆಂದು ಒಬ್ಬರು ಬಂದಾಗ, ರೆಡಿಮೇಡ್ ತರಬೇಡಿ, ಬಟ್ಟೆ ಕೊಡಿ, ನಾವೇ ಹೊಲಿಯುತ್ತೇವೆ ಅಂದೆವು. ಅವರು ಒಪ್ಪಿದರು. ಮಕ್ಕಳಿಗೆ ಬಟ್ಟೆಯೂ ಆಯಿತು, ಏಳು ಮನೆಗೆ ಕೂಲಿಯೂ ಆಯಿತು, ಆ ಕೂಲಿ ಊರಿನ ಕಿರಾಣಿ ಅಂಗಡಿಗೆ ಹೋಗಿ ಅದರ ಬಾಗಿಲೂ ತೆರೆಯಿತು. ಸರ್ಕಾರ ಮೊದಲು 10,000 ರೂಪಾಯಿ ಕೊಟ್ಟಿತು. ಪೂರ್ತಿ ಬಿದ್ದ ಮನೆಗೆ 5 ಲಕ್ಷ ಅಂತ ಆಯಿತು, ಅದು ಗೋಡೆ ಏರಿದಂತೆ ಕಂತು ಕಂತಾಗಿ ಬರುವಂಥದ್ದು. ದೊಡ್ಡ ಕೆಲಸ ಅವರದೇ, ಇಲ್ಲವೆನ್ನಲಾರೆ. ಆದರೆ ಒಂದು ಕಂತಿಗೂ ಇನ್ನೊಂದು ಕಂತಿಗೂ ನಡುವೆ ಉಣ್ಣಬೇಕಲ್ಲ? ಆ ನಡುವಿನ ದಿನಗಳನ್ನು ದಾಟಿಸಿದ್ದು ಈ ಮಿಷನ್ನು. ನಿನ್ನ ಎಸ್ಸೆಸ್ಸೆಲ್ಸಿ ಪರೀಕ್ಷೆ ಫೀಸು ಕಟ್ಟಿದ್ದೂ ಅದರ ದುಡ್ಡಿನಿಂದಲೇ.

ಮದುವೆಯಲ್ಲಿ ಬಂದ ಮುಯ್ಯಿಯನ್ನು ನಾವು ವಹಿಯಲ್ಲಿ ಬರೆದಿಟ್ಟು ತಿರುಗಿ ಮಾಡುತ್ತೇವೆ. ಆ ಅಜ್ಜನ ಹೆಸರು, ಊರು ನಾನು ಬರೆದುಕೊಳ್ಳಲಿಲ್ಲ. ಅವರ ಮುಯ್ಯಿ ತೀರಿಸಲು ನನಗೆ ಇರುವುದು ಭೀಮೆಯ ದಂಡೆಯ ಮನೆಗಳೇ.

ಹಾಗಾಗಿ ಮಗಳೇ, ಬಟ್ಟೆ ಬೇಡ. ನಿಮ್ಮವರಲ್ಲಿ ಯಾರಾದರೂ ಒಬ್ಬರು ಅಲ್ಲಿನ ಅಂಗನವಾಡಿ ಅಕ್ಕಾರಿಗೋ ಶಾಲೆಯ ಸರ್‌ಗೋ ಫೋನ್ ಮಾಡಿ ಕೇಳಲಿ. ದುಡ್ಡು ಹಾಕುವುದಾದರೆ ವಾಟ್ಸಾಪಿನಲ್ಲಿ ಓಡಾಡುವ ಕ್ಯೂಆರ್ ಕೋಡಿಗೆ ಹಾಕಬೇಡ, ವಿಚಾರಿಸಿ ಹಾಕು, ರಸೀದಿ ತಗೋ. ಎಲ್ಲವನ್ನೂ ಈಗಲೇ ಕೊಟ್ಟು ಮುಗಿಸಲೂಬೇಡ. ಮೊದಲ ವಾರ ಎಲ್ಲರೂ ಬರುತ್ತಾರೆ, ದೀಪಾವಳಿ ಕಳೆದ ಮೇಲೆ ಯಾರೂ ಇರುವುದಿಲ್ಲ. ತೊಗರಿ ಹೊಲದಲ್ಲೇ ಕೊಳೆತವರಿಗೆ ಹಿಂಗಾರಿ ಬಿತ್ತಲು ಜೋಳ, ಕಡಲೆ ಬೀಜ ಬೇಕು. ಅದಕ್ಕೊಂದು ಪಾಲು ತೆಗೆದಿಡು.

ನಮ್ಮ ಓಣಿಯವರು ಇವತ್ತು ಮುನ್ನೂರು ರೊಟ್ಟಿ ಬಡಿದಿದ್ದೇವೆ, ನಾಳೆ ಬೆಳಗಿನ ಬಸ್ಸಿಗೆ ಜೇವರ್ಗಿ ಕಡೆ ಹೋಗುತ್ತವೆ. ಎಣಿಸುವಾಗ ಹತ್ತು ಹೆಚ್ಚಿಗೆ ಬಂದವು, ಅವನ್ನು ನಿನಗೆ ಕಟ್ಟಿದ್ದೇನೆ. ಚಟ್ನಿ ಡಬ್ಬಿಯ ಮುಚ್ಚಳ ಸಡಿಲ ಇದೆ, ನೆಟ್ಟಗೆ ಹಿಡಿದು ಇಳಿಸಿಕೋ.

ನಿನ್ನ ಅವ್ವ