1953–55ರ ಫೋರ್ಡ್ ಎಫ್-100: ರೇಡಿಯೊ ಕೊಳ್ಳುವ ಮುನ್ನ

ಸದಸ್ಯರ ಗಮನಕ್ಕೆ: ಈ ಟ್ರಕ್‌ಗಳದ್ದು 6 ವೋಲ್ಟ್, ಬ್ಯಾಟರಿಯ ಪ್ಲಸ್ ತುದಿ ಟ್ರಕ್ಕಿನ ಲೋಹದ ಮೈಗೆ ಜೋಡಣೆ (ಪ್ಲಸ್ ಅರ್ಥ್). ಹಳೆಯದರಂತೆ ಕಾಣುವ ಹೊಸ ಸೆಟ್‌ಗಳು ಸಾಮಾನ್ಯವಾಗಿ 12 ವೋಲ್ಟ್, ಮೈನಸ್ ಅರ್ಥ್. ಉಲ್ಟಾ ಕೊಟ್ಟರೆ ಸುಟ್ಟಂತೆಯೇ. 6 ವೋಲ್ಟನ್ನು 12 ಮಾಡುವ ಕನ್ವರ್ಟರ್ ಹಾಕಿದರೂ, ಅದರ ಇನ್‌ಪುಟ್-ಔಟ್‌ಪುಟ್ ಪ್ರತ್ಯೇಕವಾಗಿಲ್ಲದಿದ್ದರೆ ರೇಡಿಯೊದ ಕವಚ ಡ್ಯಾಶ್‌ಬೋರ್ಡ್‌ಗೆ ತಾಗಕೂಡದು. ಆಂಟೆನಾ ಕೇಬಲ್‌ನ ಹೊರಜಾಲರಿಯೂ ಕವಚಕ್ಕೆ ಸೇರಿದ ಅರ್ಥೇ, ಅದೂ ಟ್ರಕ್ಕಿನ ಮೈಗೆ ತಾಗಕೂಡದು. ಬಹಳ ಜನ ಎಡವುವುದು ಇಲ್ಲೇ.

ಆ ಕಾಲದ ಒರಿಜಿನಲ್ ರೇಡಿಯೊ ಸಿಕ್ಕರೆ ಕೂಡಲೇ ಆನ್ ಮಾಡಬೇಡಿ. ಮೊದಲು ಬಫರ್ ಕೆಪಾಸಿಟರ್ (ಟ್ರಾನ್ಸ್‌ಫಾರ್ಮರ್‌ನ ವೋಲ್ಟೇಜ್ ಜಿಗಿತ ತಡೆಯುವ ಬಿಡಿಭಾಗ) ಬದಲಿಸಿ: ಮೈಕ್ರೋಫ್ಯಾರಡ್ ಮೊದಲಿನಷ್ಟೇ, ತಾಳಿಕೆ 1600 ವೋಲ್ಟ್. ಅದು ಕೆಟ್ಟರೆ, ಬ್ಯಾಟರಿಯ ವಿದ್ಯುತ್ತನ್ನು ತುಂಡರಿಸಿ ಟ್ರಾನ್ಸ್‌ಫಾರ್ಮರ್‌ಗೆ ಕೊಡುವ ವೈಬ್ರೇಟರ್‌ನ ಕಾಂಟ್ಯಾಕ್ಟ್‌ಗಳು ಅಂಟಿಕೊಂಡು ಫ್ಯೂಸ್ ಹಾರುತ್ತದೆ, ಕೆಲವೊಮ್ಮೆ ಟ್ರಾನ್ಸ್‌ಫಾರ್ಮರೇ ಹೋಗುತ್ತದೆ. ಎಲೆಕ್ಟ್ರೋಲಿಟಿಕ್ ಕೆಪಾಸಿಟರ್‌ಗಳನ್ನೂ ಬದಲಿಸಿಬಿಡಿ. ಎಎಂ ಮಾತ್ರ ಬರುತ್ತದೆ, ಅಷ್ಟೇ.

ವೈರಿಂಗ್ ಈಗಾಗಲೇ 12 ವೋಲ್ಟ್ ಮೈನಸ್ ಅರ್ಥ್‌ಗೆ ಬದಲಾಗಿದ್ದರೆ ಹೊಸದು ಸರಿ. ಇಲ್ಲವೆಂದರೆ ನಮ್ಮ ಮತ ಹಳೆಯದಕ್ಕೇ. ಯಾವುದೇ ಆಗಲಿ, ಡ್ಯಾಶ್ ಮಾತ್ರ ಕತ್ತರಿಸಬೇಡಿ.