ಮುಂಬೈ ಎಂದು ಆರಿಸಿದರೆ ಸಾಲದು

ಮಾನ್ಯ ಸಂಪಾದಕರೇ,

ಅರ್ಜಿ, ದೂರುಗಳ ಸಾರಾಂಶ ಮಾಡಿಸಲು ಎಐ ಸೇವೆ ಕೊಳ್ಳುವ ಇಲಾಖೆಗಳು ಟೆಂಡರ್‌ನಲ್ಲಿ ‘ಡೇಟಾ ಭಾರತದಲ್ಲೇ ಇರಬೇಕು’ ಎಂದು ಬರೆದು ಕೈತೊಳೆದುಕೊಂಡರೆ ಆಗದು. ಡೇಟಾ ಇಡುವ ಜಾಗ ಬೇರೆ, ಅದನ್ನು ಓದಿ ಉತ್ತರ ಕೊಡುವ ಯಂತ್ರ ಇರುವ ಜಾಗ ಬೇರೆ.

ಹಲವು ಎಐ ಮಾಡೆಲ್‌ಗಳನ್ನು (ಓದಿ ಉತ್ತರ ಕೊಡುವ ತಂತ್ರಾಂಶಗಳನ್ನು) ಕ್ಲೌಡ್ ಮೂಲಕ ಒದಗಿಸುವ ಅಮೆಜಾನ್ ಬೆಡ್‌ರಾಕ್ ಸೇವೆಯನ್ನೇ ನೋಡಿ. 2023ರ ಸೆಪ್ಟೆಂಬರ್‌ನಲ್ಲಿ ಎಲ್ಲರಿಗೂ ತೆರೆದ ಇದು ಮರುವರ್ಷ ಮುಂಬೈ ರೀಜನ್‌ಗೂ, ಅಂದರೆ ಅಲ್ಲಿನ ಡೇಟಾ ಸೆಂಟರ್‌ಗಳ ಗುಂಪಿಗೂ, ಬಂತು. ಆದರೆ ಎಲ್ಲ ಮಾಡೆಲ್‌ಗಳೂ ಜೊತೆಗೆ ಬರಲಿಲ್ಲ. ಕೆಲವು ಮುಂಬೈಯಲ್ಲೇ ಓಡುತ್ತವೆ; ಇನ್ನು ಕೆಲವು ಸಿಗುವುದು ‘ಕ್ರಾಸ್ ರೀಜನ್’ ದಾರಿಯಲ್ಲಿ, ಅಂದರೆ ಪ್ರಶ್ನೆಯನ್ನು ಬೇರೆ ರೀಜನ್‌ಗೂ ಕಳಿಸಬಹುದಾದ ದಾರಿಯಲ್ಲಿ ಮಾತ್ರ. ಸೇವೆಯ ನಿಯಂತ್ರಣ ಪುಟದಲ್ಲಿ (ಕನ್ಸೋಲ್) ಮುಂಬೈ ಎಂದೇ ಕಾಣುತ್ತದೆ, ಬಿಲ್ಲೂ ಮುಂಬೈ ದರದ್ದೇ, ಪ್ರಶ್ನೆ ಮಾತ್ರ ಸಿಂಗಪುರಕ್ಕೋ ಟೋಕಿಯೊಗೋ ಹೋಗಿ ಬಂದಿರಬಹುದು.

ಎಡವುವುದು ಹೀಗೆ. ಕ್ರಾಸ್ ರೀಜನ್ ದಾರಿಯಲ್ಲಷ್ಟೇ ಸಿಗುವ ಮಾಡೆಲ್‌ಗೆ ಎಂಜಿನಿಯರ್ ಬರೀ ಮಾಡೆಲ್ ಐಡಿ (ಅದರ ಗುರುತಿನ ಹೆಸರು) ಕೊಟ್ಟರೆ ‘ಆನ್ ಡಿಮಾಂಡ್ ಬೆಂಬಲವಿಲ್ಲ, ಇನ್ಫರೆನ್ಸ್ ಪ್ರೊಫೈಲ್ ಬಳಸಿ’ ಎಂಬ ಎರರ್ ಬರುತ್ತದೆ; ಅಂದರೆ ಆ ಮಾಡೆಲ್ ಅಲ್ಲಿ ನೇರವಾಗಿ ಸಿಗದು, ಪ್ರಶ್ನೆ ಹೋಗಬಹುದಾದ ರೀಜನ್‌ಗಳ ಪಟ್ಟಿಯಾದ ಪ್ರೊಫೈಲ್ ಮೂಲಕವೇ ಕರೆಯಬೇಕು. ಐಡಿಯ ಮುಂದೆ ‘ಎಪ್ಯಾಕ್’ (ಏಷ್ಯಾ-ಪೆಸಿಫಿಕ್) ಅಥವಾ ‘ಗ್ಲೋಬಲ್’ ಸೇರಿಸಿದ ಕೂಡಲೇ ಕೆಲಸ ನಡೆಯುತ್ತದೆ. ಟೆಂಡರ್ ಷರತ್ತು ಮುರಿಯುವುದೂ ಆ ಕ್ಷಣದಲ್ಲೇ, ಯಾರಿಗೂ ಗೊತ್ತಾಗದೆ. ಸಂಸ್ಥೆಯ ಖಾತೆಗಳಲ್ಲಿ ಏನೇನು ಮಾಡಬಹುದೆಂದು ಮಿತಿ ಹಾಕುವ ಎಸ್‌ಸಿಪಿ ನಿಯಮದಲ್ಲಿ ಮುಂಬೈ ಬಿಟ್ಟು ಉಳಿದ ರೀಜನ್‌ಗಳನ್ನು ಮುಚ್ಚಿದ್ದರೆ ‘ಆಕ್ಸೆಸ್ ಡಿನೈಡ್’ ಬರುತ್ತದೆ. ಪ್ರೊಫೈಲ್‌ನ ಪಟ್ಟಿಯಲ್ಲಿರುವ ಒಂದೇ ಒಂದು ರೀಜನ್ ಮುಚ್ಚಿದ್ದರೂ ಸಾಕು. ಅದನ್ನು ದೋಷವೆಂದು ತಿಳಿದು ಎಲ್ಲವನ್ನೂ ತೆರೆದುಬಿಡುವವರಿದ್ದಾರೆ. ಬೇಲಿ ತನ್ನ ಕೆಲಸ ಮಾಡಿದ್ದಕ್ಕೆ ಬೇಲಿಯನ್ನೇ ಕಿತ್ತಂತೆ!

ಕಾನೂನು ಕಾಯುತ್ತದೆ ಎಂದೂ ಕೂರುವಂತಿಲ್ಲ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ 16ನೇ ಸೆಕ್ಷನ್ ಡೇಟಾ ಹೊರಗೆ ಕಳಿಸುವುದನ್ನು ಸಾರಾಸಗಟಾಗಿ ತಡೆಯುವುದಿಲ್ಲ. ಕೇಂದ್ರ ಅಧಿಸೂಚನೆ ಹೊರಡಿಸಿದ ದೇಶಗಳಿಗಷ್ಟೇ ನಿರ್ಬಂಧ. ಹಾಗಾಗಿ ‘ಸಂಗ್ರಹ’ದ ಜೊತೆಗೆ ‘ಸಂಸ್ಕರಣೆಯೂ ಭಾರತದೊಳಗೆ’ ಎಂದು ಒಪ್ಪಂದದಲ್ಲೇ ಬರೆಸಬೇಕು, ಬಳಸುವ ಮಾಡೆಲ್ ಐಡಿಯನ್ನು ಪೂರ್ತಿಯಾಗಿ ನಮೂದಿಸಬೇಕು. ಬಿಲ್ ಪಾಸ್ ಮಾಡುವ ಮುನ್ನ ಖಾತೆಯಲ್ಲಿ ನಡೆದ ಕೆಲಸಗಳನ್ನು ದಾಖಲಿಸುವ ಅಮೆಜಾನ್‌ನ ಕ್ಲೌಡ್‌ಟ್ರೇಲ್ ಲಾಗ್ ಕೇಳಲಿ; ಬೇರೆ ರೀಜನ್‌ನಲ್ಲಿ ಸಂಸ್ಕರಣೆಯಾದ ಪ್ರಶ್ನೆಯ ಮುಂದೆ ‘ಇನ್ಫರೆನ್ಸ್ ರೀಜನ್’ ಎಂಬ ಕಲಂನಲ್ಲಿ ಆ ಊರಿನ ಕೋಡ್ ಇರುತ್ತದೆ.

ಬೇಕಾದ ಮಾಡೆಲ್ ಮುಂಬೈಯಲ್ಲಿ ಓಡದಿದ್ದರೆ, ಅಲ್ಲೇ ಓಡುವ ಹಳೆಯದೊಂದರಲ್ಲಿ ನೂರು ಕನ್ನಡ ಅರ್ಜಿಗಳನ್ನು ಹಾಕಿ ನೋಡಲಿ. ಸಾರಾಂಶದಂಥ ಕೆಲಸಕ್ಕೆ ಎಷ್ಟೋ ಸಲ ಅದೇ ಸಾಕಾಗುತ್ತದೆ.

– ಕ್ಲೌಡ್ ಎಂಜಿನಿಯರ್, ಹುಬ್ಬಳ್ಳಿ