ಈ ತಿಂಗಳ ಓದು: ಕ್ಯಾಪ್ಟನ್ ಗೋಪಿನಾಥ್

ಎಲ್ಲರಿಗೂ ನಮಸ್ಕಾರ. ಈ ಸಲ ಕ್ಯಾಪ್ಟನ್ ಜಿ. ಆರ್. ಗೋಪಿನಾಥ್ ಅವರ ಆತ್ಮಕಥೆ ಓದೋಣ. ಇಂಗ್ಲಿಷ್‌ನಲ್ಲಿ 'ಸಿಂಪ್ಲಿ ಫ್ಲೈ', ಕನ್ನಡದಲ್ಲಿ 'ಬಾನಯಾನ'. ಯಾವುದಾದರೂ ಸರಿ.

2003ರಲ್ಲಿ ಏರ್ ಡೆಕ್ಕನ್ ಅನ್ನೋ ಕಡಿಮೆ ದರದ ವಿಮಾನ ಸಂಸ್ಥೆ ಶುರು ಮಾಡಿದವರು, ಒಂದು ರೂಪಾಯಿ ಟಿಕೆಟ್ ಕೊಟ್ಟವರು ಅಂತ ಎಲ್ಲರಿಗೂ ಗೊತ್ತು. ನನಗೆ ಅದಕ್ಕಿಂತ ಜಾಸ್ತಿ ಹಿಡಿಸಿದ್ದು ಹೊಲದ ಕಥೆ. ಬೆಳೆದಿದ್ದು ಹಾಸನ ಜಿಲ್ಲೆಯ ಗೊರೂರಿನಲ್ಲಿ. ಅಪ್ಪ ಮೇಷ್ಟ್ರು, ಮೊದಲ ಪಾಠಗಳೆಲ್ಲ ಮನೆಯಲ್ಲೇ. 1971ರ ಯುದ್ಧ ಕಂಡು, ಇಪ್ಪತ್ತರ ಹರೆಯದಲ್ಲೇ ಸೇನೆ ಬಿಟ್ಟು ಬಂದರು. ಹೇಮಾವತಿ ಅಣೆಕಟ್ಟಿಗೆ ಮನೆಯ ಜಮೀನು ಮುಳುಗಿತ್ತು. ಬದಲಿಗೆ ಸಿಕ್ಕಿದ್ದು ಜಾವಗಲ್ ಹತ್ತಿರದ ಬರಡು ನೆಲ. ಅಲ್ಲೇ ಗುಡಾರ ಹಾಕಿಕೊಂಡು ಕೂತರು! ತೆಂಗು, ರೇಷ್ಮೆ ಎಲ್ಲ ಮಾಡಿದರು. ಎಷ್ಟೋ ಸಲ ಕೈಸುಟ್ಟುಕೊಂಡರು, ಮತ್ತೆ ಎದ್ದರು. ರೇಷ್ಮೆ ಕೆಲಸಕ್ಕೆ 1996ರಲ್ಲಿ ರೋಲೆಕ್ಸ್ ಪ್ರಶಸ್ತಿ ಬಂತು.

ಹಟ ಇರುವ ಮನುಷ್ಯ. ಸಾಲ, ಸೋಲು ಯಾವುದನ್ನೂ ಮುಚ್ಚಿಡದೆ ಬರೆದಿದ್ದಾರೆ. ಅದಕ್ಕೇ ಅವರ ಮೇಲೆ ನನಗೆ ಗೌರವ.

ದಯವಿಟ್ಟು ಹೊಲದ ಅಧ್ಯಾಯಗಳನ್ನು ಸುಮ್ನೆ ಹಾರಿಸಬೇಡಿ. ಭಾನುವಾರ ಸಂಜೆ 5ಕ್ಕೆ ಮಾತು ಅಲ್ಲಿಂದಲೇ ಶುರು. ಪುಸ್ತಕ ಸಿಗದವರು ಇಲ್ಲೇ ತಿಳಿಸಿ, ನನ್ನ ಹತ್ತಿರ ಒಂದು ಪ್ರತಿ ಇದೆ.